ದೆಹಲಿಯಿಂದ ಗೆಳೆಯರ ಜೊತೆ ಹಿಮಾಲಯದ ಸೈಕಲ್ ರೇಸ್‌ಗೆ: ಹೊರಡುವ ಮುನ್ನವೇ ತೀರ್ಮಾನ ಆಗಬೇಕಾದ್ದು ಏನು?

ನವದೆಹಲಿ: ರಾತ್ರಿ ದೆಹಲಿಯ ಕಾಶ್ಮೀರಿ ಗೇಟ್ ಬಸ್ ನಿಲ್ದಾಣದಲ್ಲಿ ಶಿಮ್ಲಾ ಬಸ್ ಹತ್ತಿದರೆ ಬೆಳಗ್ಗೆ ಕಣ್ಣು ಬಿಡುವಷ್ಟರಲ್ಲಿ ಕಿಟಕಿಯಾಚೆ ದೇವದಾರು ಮರಗಳು. ಗುರುಗ್ರಾಮ, ನೋಯ್ಡಾ, ಫರೀದಾಬಾದ್ ಕಡೆ ಕೆಲಸ ಮಾಡುವವರಿಗೆ ಹಿಮಾಲಯ ಅಷ್ಟು ಹತ್ತಿರ. ವಾರಾಂತ್ಯದಲ್ಲಿ ಒಟ್ಟಿಗೆ ಸೈಕಲ್ ಓಡಿಸುವ ಗೆಳೆಯರ ಗುಂಪಿನಲ್ಲಿ ಯಾರಾದರೊಬ್ಬರು 'ಈ ಸಲ ಬೆಟ್ಟದ ರೇಸ್‌ಗೆ ಹೆಸರು ಕೊಡೋಣವೇ?' ಎಂದು ಕೇಳುವುದಕ್ಕೂ ಇದೇ ಕಾರಣ.

ಕೇಳುವುದು ಸುಲಭ. ಯಾವ ಸೈಕಲ್, ಯಾವ ಟೈರ್, ಎಷ್ಟು ಖರ್ಚು ಎಂಬ ಚರ್ಚೆ ಅಂದೇ ಶುರುವಾಗುತ್ತದೆ. ಆದರೆ ಹೆಚ್ಚಿನ ಗುಂಪುಗಳು ಮಾತಾಡದೇ ಬಿಡುವ ವಿಷಯ ಒಂದಿದೆ. ರೇಸ್ ಮಧ್ಯೆ ಒಬ್ಬರಿಗೆ ಆಗದೇ ಹೋದರೆ ಉಳಿದವರು ಏನು ಮಾಡಬೇಕು? ನಿಲ್ಲಿಸು ಎಂದು ಹೇಳುವ ಹಕ್ಕು ಯಾರಿಗೆ? ಬಯಲಿನಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ. ಮೂರು ಸಾವಿರ ಮೀಟರ್ ಎತ್ತರದಲ್ಲಿ ಮಾತ್ರ ಇದರ ಉತ್ತರದ ಮೇಲೆ ಒಂದು ಜೀವ ನಿಂತಿರಬಹುದು.

ಏನಿದು ದೂರದ ಮೌಂಟೇನ್ ಬೈಕ್ ರೇಸ್?

ಮೌಂಟೇನ್ ಬೈಕ್ ಎಂದರೆ ಮೋಟಾರು ಬೈಕ್ ಅಲ್ಲ. ಅಗಲ ಟೈರ್, ಗಟ್ಟಿ ಫ್ರೇಮ್, ಹಗುರ ಗೇರ್‌ಗಳಿರುವ ಬೆಟ್ಟದ ಸೈಕಲ್. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1970ರ ದಶಕದಲ್ಲಿ ಕೆಲವು ಗೆಳೆಯರು ಹಳೆಯ ಸೈಕಲ್‌ಗಳನ್ನು ಬೆಟ್ಟದ ಮಣ್ಣು ದಾರಿಯಲ್ಲಿ ಇಳಿಸಿ ಪಂದ್ಯ ಕಟ್ಟುತ್ತಿದ್ದರು. ಅಲ್ಲಿಂದ ಬೆಳೆದ ಕ್ರೀಡೆ 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಸೇರಿತು.

ಒಲಿಂಪಿಕ್ಸ್‌ನಲ್ಲಿ ನಡೆಯುವುದು ಒಂದೇ ಸುತ್ತುದಾರಿಯನ್ನು ಮತ್ತೆ ಮತ್ತೆ ಸುತ್ತುವ ಸುಮಾರು ಒಂದೂವರೆ ಗಂಟೆಯ ರೇಸ್. ದೂರದ ರೇಸ್‌ಗಳು ಬೇರೆ. ಒಂದೇ ದಿನದಲ್ಲಿ ಮುಗಿಯುವುದು ಮ್ಯಾರಥಾನ್. ಹಲವು ದಿನ ನಡೆಯುವುದು ಸ್ಟೇಜ್ ರೇಸ್. ಸ್ಟೇಜ್ ರೇಸ್‌ನಲ್ಲಿ ಸಾಮಾನ್ಯವಾಗಿ ಪ್ರತಿದಿನ ಒಂದು ಊರಿನಿಂದ ಇನ್ನೊಂದು ಊರಿಗೆ ಓಡಿಸಬೇಕು. ಪ್ರತಿದಿನದ ಸಮಯವನ್ನು ಕೂಡಿಸಿ, ಕೊನೆಗೆ ಒಟ್ಟು ಸಮಯ ಯಾರದ್ದು ಕಡಿಮೆಯೋ ಅವರು ಗೆದ್ದಂತೆ. ಪ್ರತಿ ಹಂತಕ್ಕೂ ಗಡುವು ಇರುತ್ತದೆ. ಅದು ಮೀರಿದರೆ ಹಿಂದಿನಿಂದ ಬರುವ ವಾಹನ ಹತ್ತಬೇಕಾಗುತ್ತದೆ.

ದೆಹಲಿಯವರಿಗೆ ಹತ್ತಿರದ, ಹೆಸರುವಾಸಿ ಸ್ಟೇಜ್ ರೇಸ್ ಎಂದರೆ ಎಂಟಿಬಿ ಹಿಮಾಲಯ. ಹಿಮಾಚಲ ಪ್ರದೇಶದಲ್ಲಿ 2005ರಲ್ಲಿ ಶುರುವಾದ ಇದನ್ನು ಹಸ್ತ್ಪಾ ಎಂಬ ಸಾಹಸ ಕ್ರೀಡೆ ಮತ್ತು ಪ್ರವಾಸೋದ್ಯಮ ಸಂಸ್ಥೆ ಶಿಮ್ಲಾವನ್ನು ಕೇಂದ್ರವಾಗಿಟ್ಟುಕೊಂಡು ನಡೆಸಿಕೊಂಡು ಬಂದಿದೆ. ವಿದೇಶಿ ಸೈಕ್ಲಿಸ್ಟ್‌ಗಳು, ಸೇನೆಯ ತಂಡಗಳು, ರಜೆ ಹಾಕಿ ಬರುವ ಹವ್ಯಾಸಿಗಳು ಎಲ್ಲರೂ ಒಂದೇ ಗೆರೆಯಿಂದ ಹೊರಡುವುದು ಇದರ ವಿಶೇಷ. ಹಿಂದಿನ ಹಲವು ಆವೃತ್ತಿಗಳು ಸುಮಾರು ಒಂದು ವಾರ ನಡೆದು 500 ಕಿ.ಮೀ.ಗೂ ಹೆಚ್ಚು ದೂರ ಕ್ರಮಿಸಿವೆ. ದಾರಿ ಮತ್ತು ದಿನಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ವರ್ಷದ ಪ್ರಕಟಣೆ ನೋಡಿಯೇ ಯೋಜನೆ ಹಾಕಬೇಕು.

ಕರ್ನಾಟಕಕ್ಕೂ ಈ ಕ್ರೀಡೆ ಹೊಸದಲ್ಲ. 2022ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಷಿಪ್ ನಡೆದದ್ದು ಗದಗದಲ್ಲಿ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ದಶಕಗಳಿಂದ ಸೈಕ್ಲಿಸ್ಟ್‌ಗಳ ತವರು. ಆದರೆ ಹಿಮಾಲಯದ ಲೆಕ್ಕವೇ ಬೇರೆ.

ಎಷ್ಟು ಎತ್ತರ? ಮುಳ್ಳಯ್ಯನಗಿರಿ ಜೊತೆ ಹೋಲಿಸಿ ನೋಡಿ

ದೆಹಲಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 215 ಮೀಟರ್ ಎತ್ತರದಲ್ಲಿ. ಬೆಂಗಳೂರು ಸುಮಾರು 920 ಮೀಟರ್. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಶಿಮ್ಲಾ ನಗರ ಸುಮಾರು 2,200 ಮೀಟರ್. ಅಂದರೆ ರೇಸ್ ಶುರುವಾಗುವ ಊರೇ ಮುಳ್ಳಯ್ಯನಗಿರಿಯ ತುದಿಗಿಂತ ಮೇಲಿದೆ. ಶಿಮ್ಲಾ ಕಡೆಯಿಂದ ಕುಲ್ಲು ಕಣಿವೆಗೆ ದಾಟುವ ಜಲೋರಿ ಪಾಸ್ ಸುಮಾರು 3,120 ಮೀಟರ್.

ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲ ಕಡೆಯೂ ಒಂದೇ. ಆದರೆ ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ. 3,000 ಮೀಟರ್ ಎತ್ತರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಸುಮಾರು ಶೇ 70 ಮಾತ್ರ. ಗುರುಗ್ರಾಮದಲ್ಲಿ ಆರಾಮಾಗಿ ಹತ್ತುವ ಏರಿನಷ್ಟೇ ಕಡಿದಾದ ಏರಿನಲ್ಲಿ ಇಲ್ಲಿ ಏದುಸಿರು ಬರುತ್ತದೆ. ಇದು ತಯಾರಿ ಕಡಿಮೆಯಾದ ಲಕ್ಷಣವಲ್ಲ, ದೇಹದ ಸಹಜ ಪ್ರತಿಕ್ರಿಯೆ.

ಚಳಿಯ ಲೆಕ್ಕವೂ ಇದೆ. ಪ್ರತಿ 1,000 ಮೀಟರ್‌ಗೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ದೆಹಲಿಯಲ್ಲಿ 34 ಡಿಗ್ರಿ ಇದ್ದ ದಿನ ಜಲೋರಿಯ ತುದಿಯಲ್ಲಿ 15ರ ಆಸುಪಾಸು ಇರಬಹುದು. ಬೆವರಿನಲ್ಲಿ ತೊಯ್ದ ಅಂಗಿಯಲ್ಲೇ ವೇಗವಾಗಿ ಇಳಿದರೆ ಬೆರಳು ಮರಗಟ್ಟುತ್ತದೆ. ಬ್ರೇಕ್ ಒತ್ತಬೇಕಾದ್ದು ಅದೇ ಬೆರಳು. ಗಾಳಿ ತಡೆಯುವ ತೆಳು ಜಾಕೆಟ್, ಪೂರ್ತಿ ಬೆರಳು ಮುಚ್ಚುವ ಗ್ಲೌಸ್ ಬ್ಯಾಗಿನಲ್ಲಿ ಇರಲೇಬೇಕು.

ಸಮತಟ್ಟು ದೆಹಲಿಯಲ್ಲಿ ಬೆಟ್ಟದ ತಯಾರಿ ಹೇಗೆ?

ಇಂಥ ರೇಸ್‌ನಲ್ಲಿ ದಿನಕ್ಕೆ 2,000 ಮೀಟರ್ ಏರಬೇಕಾದ ದಿನಗಳು ಬರುತ್ತವೆ. ನಂದಿ ಬೆಟ್ಟ ಹತ್ತಿದವರಿಗೆ ಇದು ಬೇಗ ಅರ್ಥವಾಗುತ್ತದೆ. ತಪ್ಪಲಿನಿಂದ ತುದಿಗೆ ಏಳೆಂಟು ಕಿ.ಮೀ. ದಾರಿಯಲ್ಲಿ ಏರಿಕೆ 400 ಮೀಟರ್‌ಗೂ ಸ್ವಲ್ಪ ಹೆಚ್ಚು. ಅದನ್ನು ಒಂದೇ ದಿನ ನಾಲ್ಕೈದು ಸಲ ಹತ್ತಿ, ಮಲಗಿ ಎದ್ದು, ಮರುದಿನ ಮತ್ತೆ ಹತ್ತಿದ ಹಾಗೆ.

ದೆಹಲಿ ಸುತ್ತ ಅಂಥ ಏರು ಇಲ್ಲ. ಇರುವುದು ಅರಾವಳಿಯ ಕೊನೆಯ ದಿಣ್ಣೆಗಳು. ಗುರುಗ್ರಾಮ-ಫರೀದಾಬಾದ್ ರಸ್ತೆಯಂಥ ಕಡೆ ಸಿಗುವ 40 ಮೀಟರ್ ಏರಿನಲ್ಲಿ 2,000 ಮೀಟರ್ ಲೆಕ್ಕ ತುಂಬಿಸಲು 50 ಸಲ ಹತ್ತಿ ಇಳಿಯಬೇಕು. ಹಾಗಾಗಿ ಎನ್‌ಸಿಆರ್ ಸವಾರರು ಸಾಮಾನ್ಯವಾಗಿ ಮೂರು ಕೆಲಸ ಮಾಡುತ್ತಾರೆ. ವಾರದ ದಿನಗಳಲ್ಲಿ ಚಿಕ್ಕ ಏರುಗಳನ್ನು ಮತ್ತೆ ಮತ್ತೆ ಹತ್ತುವುದು. ಶನಿವಾರ, ಭಾನುವಾರ ಎರಡೂ ದಿನ ಬೆನ್ನುಬೆನ್ನಿಗೆ ದೂರ ಓಡಿಸಿ, ದಣಿದ ಕಾಲಿನಲ್ಲೇ ಪೆಡಲ್ ತುಳಿಯುವುದನ್ನು ರೂಢಿಸಿಕೊಳ್ಳುವುದು. ತಿಂಗಳಿಗೊಮ್ಮೆಯಾದರೂ ಪಂಚಕುಲಾ ಬಳಿಯ ಮೋರ್ನಿ ಬೆಟ್ಟ, ಕಸೌಲಿಯಂಥ ಕಡೆ ಹೋಗಿ ನಿಜವಾದ ಏರು-ಇಳಿಜಾರಿನಲ್ಲಿ ಓಡಿಸುವುದು.

ಮಳೆಗಾಲ ಮುಗಿದ ಮೇಲಿನ ರೇಸ್ ಆದರೆ ತಯಾರಿ ಬೀಳುವುದು ಬೇಸಿಗೆ ಮತ್ತು ಮಳೆಯ ತಿಂಗಳುಗಳಲ್ಲಿ. ಮೇ-ಜೂನ್‌ನಲ್ಲಿ ದೆಹಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಗ್ಗೆ ನಾಲ್ಕೂವರೆಗೇ ಹೊರಟು ಎಂಟರೊಳಗೆ ಮನೆ ಸೇರುವುದು ಒಳ್ಳೆಯದು. ಕತ್ತಲಲ್ಲಿ ಹೊರಡುವಾಗ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಹೆಲ್ಮೆಟ್ ಕಡ್ಡಾಯ ಎಂದುಕೊಳ್ಳಿ.

ಹತ್ತುವುದಕ್ಕಿಂತ ಇಳಿಯುವುದು ಅಪಾಯ

ಹೊಸಬರು ಹೆದರುವುದು ಏರಿಗೆ. ಆದರೆ ಏರಿನಲ್ಲಿ ಸುಸ್ತಾದರೆ ಇಳಿದು ತಳ್ಳಬಹುದು. ಇಳಿಜಾರಿನಲ್ಲಿ ಜಲ್ಲಿ, ಕೆಸರು, ದನ, ಎದುರಿಗೆ ಸೇಬು ತುಂಬಿದ ಲಾರಿ, ಯಾವುದೂ ಹೇಳಿಕೇಳಿ ಬರುವುದಿಲ್ಲ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಶಿಮ್ಲಾ, ಠಿಯೋಗ್, ನಾರ್ಕಂಡಾ ಭಾಗದಲ್ಲಿ ಸೇಬಿನ ಸುಗ್ಗಿ. ರೇಸ್‌ಗಾಗಿ ರಸ್ತೆ ಪೂರ್ತಿ ಮುಚ್ಚಿರುತ್ತಾರೆ ಎಂದು ಭಾವಿಸುವುದು ತಪ್ಪು.

ಬ್ರೇಕ್ ಮೇಲೆ ಬೀಳುವ ಭಾರವನ್ನೂ ಲೆಕ್ಕ ಹಾಕಿ ನೋಡಬಹುದು. ಸವಾರ, ಸೈಕಲ್ ಸೇರಿ 90 ಕೆ.ಜಿ. ಇದ್ದು 1,000 ಮೀಟರ್ ಕೆಳಗೆ ಇಳಿದರೆ ಹೊರಬರುವ ಶಕ್ತಿ ಸುಮಾರು 9 ಲಕ್ಷ ಜೂಲ್. ಎರಡೂವರೆ ಲೀಟರ್‌ಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಶಕ್ತಿ ಸಾಕು. ಇದರಲ್ಲಿ ಒಂದು ಪಾಲು ಗಾಳಿಯ ತಡೆಗೆ ಹೋಗುತ್ತದೆ. ಕಡಿದಾದ ದಾರಿಯಲ್ಲಿ ನಿಧಾನವಾಗಿ ಇಳಿದರೆ ಹೆಚ್ಚಿನದು ಬ್ರೇಕ್‌ನ ಎರಡು ತೆಳು ತಟ್ಟೆಗಳಲ್ಲಿ ಬಿಸಿಯಾಗಿ ಸೇರುತ್ತದೆ. ಉದ್ದಕ್ಕೂ ಬ್ರೇಕ್ ಹಿಡಿದೇ ಇಳಿದರೆ ಪ್ಯಾಡ್ ಕಾದು ಹಿಡಿತ ಕಡಿಮೆಯಾಗುವುದು ಇದಕ್ಕೇ. ತಿರುವಿಗೆ ಮುನ್ನ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಆಮೇಲೆ ಬಿಡುವುದು ಸರಿಯಾದ ಕ್ರಮ. ಕೆಸರು, ಮಳೆ ಇದ್ದರೆ ಪ್ಯಾಡ್ ಬೇಗ ಸವೆಯುತ್ತದೆ. ಒಬ್ಬೊಬ್ಬರಿಗೂ ಕನಿಷ್ಠ ಒಂದು ಜೊತೆ ಹೊಸ ಪ್ಯಾಡ್ ಜೊತೆಗಿರಲಿ. ಗೆಳೆಯರ ಸೈಕಲ್‌ಗಳಲ್ಲಿ ಬೇರೆ ಬೇರೆ ಕಂಪನಿಯ ಬ್ರೇಕ್ ಇದ್ದರೆ ಒಬ್ಬರ ಪ್ಯಾಡ್ ಇನ್ನೊಬ್ಬರಿಗೆ ಹೊಂದದು.

ಸೈಕಲ್ ಸಾಗಿಸುವುದು ಹೇಗೆ?

ದೆಹಲಿಯಿಂದ ಶಿಮ್ಲಾಕ್ಕೆ ಪಾಣಿಪತ್, ಕರ್ನಾಲ್, ಅಂಬಾಲಾ, ಸೋಲನ್ ಮಾರ್ಗವಾಗಿ ಸುಮಾರು 350 ಕಿ.ಮೀ. ದಾರಿ.

* ಬಸ್: ಕೆಳಗಿನ ಲಗೇಜ್ ಜಾಗದಲ್ಲಿ ಸೈಕಲ್ ಬಾಕ್ಸ್ ಹಿಡಿಸಬಹುದು. ಎರಡಕ್ಕಿಂತ ಹೆಚ್ಚು ಸೈಕಲ್ ಇದ್ದರೆ ಮೊದಲೇ ವಿಚಾರಿಸಿ.

* ರೈಲು: ಕಾಲ್ಕಾವರೆಗೆ ಬ್ರಾಡ್‌ಗೇಜ್. ಪಾರ್ಸೆಲ್ ಕಚೇರಿಯಲ್ಲಿ ಪ್ರಯಾಣದ ಟಿಕೆಟ್ ತೋರಿಸಿ ಲಗೇಜ್ ಆಗಿ ಬುಕ್ ಮಾಡಿದರೆ ಸೈಕಲ್ ನಿಮ್ಮ ರೈಲಿನಲ್ಲೇ ಬರುತ್ತದೆ. ಬರೀ ಪಾರ್ಸೆಲ್ ಆದರೆ ಬೇರೆ ರೈಲಿನಲ್ಲಿ ಬರಬಹುದು. 1903ರಲ್ಲಿ ಶುರುವಾದ, 2008ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಕಾಲ್ಕಾ-ಶಿಮ್ಲಾ ರೈಲು ನೋಡಲು ಚೆಂದ. ಆದರೆ ಆ ಪುಟ್ಟ ಬೋಗಿಗಳಲ್ಲಿ ಸೈಕಲ್ ಬಾಕ್ಸ್‌ಗಳಿಗೆ ಜಾಗ ಸಿಗುವುದು ಕಷ್ಟ. ಕಾಲ್ಕಾದಿಂದ ಟ್ಯಾಕ್ಸಿಯೇ ಅನುಕೂಲ.

* ಸ್ವಂತ ವಾಹನ: ಹೋಗುವಾಗ ಸುಲಭ. ತೊಂದರೆ ಇರುವುದು ವಾಪಸ್ ಬರುವಾಗ. ಅದನ್ನು ಮುಂದೆ ನೋಡೋಣ.

ಬೆಂಗಳೂರಿನಿಂದ ವಿಮಾನದಲ್ಲಿ ಹೋಗುವವರು ದೆಹಲಿ ಅಥವಾ ಚಂಡೀಗಢದಲ್ಲಿ ಇಳಿದು ಇದೇ ದಾರಿ ಸೇರುತ್ತಾರೆ. ಸೈಕಲ್ ಬಿಚ್ಚುವಾಗ ಎರಡು ಮಾತು ನೆನಪಿಡಿ. ಎಡ ಪೆಡಲ್‌ನ ಮರೆ ಉಲ್ಟಾ ತಿರುಗುತ್ತದೆ. ಚಕ್ರ ತೆಗೆದ ಮೇಲೆ ಡಿಸ್ಕ್ ಬ್ರೇಕ್‌ನ ಪ್ಯಾಡ್‌ಗಳ ನಡುವೆ ಮಡಚಿದ ರಟ್ಟು ಸಿಕ್ಕಿಸಬೇಕು. ಇಲ್ಲದಿದ್ದರೆ ದಾರಿಯಲ್ಲಿ ಬ್ರೇಕ್ ಒತ್ತಿಹೋಗಿ ಪ್ಯಾಡ್‌ಗಳು ಅಂಟಿಕೊಳ್ಳುತ್ತವೆ, ಶಿಮ್ಲಾದಲ್ಲಿ ಚಕ್ರ ಒಳಗೆ ಹೋಗುವುದೇ ಇಲ್ಲ.

ರೇಸ್‌ಗೆ ಕನಿಷ್ಠ ಎರಡು ದಿನ ಮೊದಲೇ ತಲುಪುವುದು ಕ್ಷೇಮ. ಒಂದೇ ರಾತ್ರಿಯಲ್ಲಿ 2,000 ಮೀಟರ್ ಮೇಲೆ ಬಂದ ದೇಹಕ್ಕೆ ಹೊಂದಿಕೊಳ್ಳಲು ಸಮಯ ಬೇಕು.

ಗೆಳೆಯರೊಳಗೆ ಆಗಬೇಕಾದ ಮೂರು ತೀರ್ಮಾನ

ಇನ್ನು ಆರಂಭದ ಪ್ರಶ್ನೆಗೆ ಬರೋಣ. ಗುರುಗ್ರಾಮದ ಒಂದೇ ಕಚೇರಿಯ ನಾಲ್ವರು ಗೆಳೆಯರು ಹೆಸರು ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಒಬ್ಬರು ಚುರುಕು, ಇಬ್ಬರು ಸಾಧಾರಣ, ಒಬ್ಬರು ನಿಧಾನ. ಎರಡನೇ ದಿನದ ಹೊತ್ತಿಗೆ ಮೊದಲ ಮತ್ತು ಕೊನೆಯವರ ನಡುವೆ ಎರಡು ಗಂಟೆ ಅಂತರ ಬಿದ್ದರೂ ಆಶ್ಚರ್ಯವಿಲ್ಲ. ಹೊರಡುವ ಮುನ್ನ ಇವರು ಮೂರು ವಿಷಯ ತೀರ್ಮಾನಿಸಿಕೊಳ್ಳಬೇಕು.

1. ಒಟ್ಟಿಗೆ ಓಡಿಸುವುದೋ, ಬೇರೆ ಬೇರೆಯೋ?

ಇದನ್ನು ನಿಯಮದಲ್ಲೇ ಬರೆದಿಟ್ಟ ರೇಸ್‌ಗಳಿವೆ. ದಕ್ಷಿಣ ಆಫ್ರಿಕಾದಲ್ಲಿ 2004ರಿಂದ ನಡೆಯುತ್ತಿರುವ, ಎಂಟು ದಿನಗಳ ಕೇಪ್ ಎಪಿಕ್‌ನಲ್ಲಿ ಇಬ್ಬರ ಜೋಡಿಯಾಗಿಯೇ ಓಡಿಸಬೇಕು. ಇಬ್ಬರ ನಡುವಿನ ಅಂತರ ಎರಡು ನಿಮಿಷ ಮೀರುವಂತಿಲ್ಲ. ಮೀರಿದರೆ ಒಂದು ಗಂಟೆ ದಂಡ. ಒಬ್ಬರು ಕೈಬಿಟ್ಟರೆ ಇನ್ನೊಬ್ಬರು ಮುಂದುವರಿಯಬಹುದು, ಆದರೆ ತಂಡದ ಪಟ್ಟಿಯಲ್ಲಿ ಸ್ಥಾನವಿಲ್ಲ. ಅಲ್ಲಿ ನಿಧಾನದವರ ವೇಗವೇ ತಂಡದ ವೇಗ.

ಒಂಟಿ ವಿಭಾಗದಲ್ಲಿ ಹಾಗಿಲ್ಲ. ಪ್ರತಿಯೊಬ್ಬರ ಗಡಿಯಾರವೂ ಬೇರೆ. ಮುಂದಿದ್ದವರು ಕಾದರೆ ಸ್ಥಾನ ಹೋಗುತ್ತದೆ, ಕಾಯದಿದ್ದರೆ ಗೆಳೆತನಕ್ಕೆ ಪೆಟ್ಟು ಬೀಳಬಹುದು. ಪಂಕ್ಚರ್ ಆದರೆ ನಿಲ್ಲಬೇಕೇ? ಇನ್ನೊಬ್ಬ ಸ್ಪರ್ಧಿಯಿಂದ ಟ್ಯೂಬ್ ಪಡೆಯಬಹುದೇ? ಈ ನಿಯಮ ರೇಸ್‌ನಿಂದ ರೇಸ್‌ಗೆ ಬೇರೆ. ಆಯೋಜಕರನ್ನು ಮೊದಲೇ ಕೇಳಿ, ನಾಲ್ವರಿಗೂ ಒಂದೇ ಉತ್ತರ ಗೊತ್ತಿರಲಿ. ಬೇರೆ ಬೇರೆ ಓಡಿಸುವುದಾದರೆ ಪ್ರತಿಯೊಬ್ಬರ ಬಳಿಯೂ ಸ್ವಂತ ಪಂಪ್, ಟ್ಯೂಬ್, ಚೈನ್ ಕೂಡಿಸುವ ಲಿಂಕ್, ಸಲಕರಣೆ ಇರಬೇಕು. 'ಅವನ ಹತ್ತಿರ ಇದೆ' ಎಂಬ ಮಾತು ಬೆಟ್ಟದಲ್ಲಿ ನಡೆಯದು. ಯಾರಿಗಾದರೂ ಗಾಯವಾದರೆ ಮಾತ್ರ ಈ ಲೆಕ್ಕವೆಲ್ಲ ಬದಿಗೆ. ಗೆಳೆಯರಾಗಲಿ, ಅಪರಿಚಿತರಾಗಲಿ, ಮೊದಲು ಕಂಡವರು ನಿಲ್ಲಲೇಬೇಕು.

2. ಒಬ್ಬರು ಕೈಬಿಟ್ಟರೆ ಜೊತೆಗೆ ಯಾರು?

ರೇಸ್ ಬಿಟ್ಟವರನ್ನು ಆಯೋಜಕರ ವಾಹನ ಕ್ಯಾಂಪ್‌ಗೆ ತಲುಪಿಸುತ್ತದೆ. ಆಮೇಲೆ? ಆಸ್ಪತ್ರೆಗೆ ಹೋಗಬೇಕಾದರೆ ಯಾರ ಜೊತೆ? ಮನೆಯವರಿಗೆ ಫೋನ್ ಮಾಡುವವರು ಯಾರು? ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಹೋಗಿ ಬರುತ್ತದೆ. ಪ್ರತಿಯೊಬ್ಬರ ಮನೆಯ ನಂಬರ್, ರಕ್ತದ ಗುಂಪು, ತೆಗೆದುಕೊಳ್ಳುವ ಔಷಧದ ಹೆಸರನ್ನು ಕಾಗದದಲ್ಲಿ ಬರೆದು ಎಲ್ಲರೂ ಇಟ್ಟುಕೊಳ್ಳಬೇಕು. ತುರ್ತು ಸಹಾಯಕ್ಕೆ 112, ಆಂಬ್ಯುಲೆನ್ಸ್‌ಗೆ 108. ವಿಮೆ ಇದ್ದರೆ ಅದು ಸಾಹಸ ಕ್ರೀಡೆಗೆ, ಅದರಲ್ಲೂ ಸ್ಪರ್ಧೆಗೆ ಅನ್ವಯಿಸುತ್ತದೆಯೇ ಎಂದು ನೋಡಿ. ಹಲವು ಪಾಲಿಸಿಗಳು ಇದನ್ನು ಹೊರಗಿಟ್ಟಿರುತ್ತವೆ.

3. ನಿಲ್ಲಿಸು ಎನ್ನುವ ಹಕ್ಕು ಯಾರಿಗೆ?

ಮೂರರಲ್ಲಿ ಮುಖ್ಯವಾದದ್ದು ಇದು. ಸಾಮಾನ್ಯವಾಗಿ 2,500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಕಾಣಿಸಿಕೊಳ್ಳಬಹುದು. ತಲೆನೋವು, ವಾಕರಿಕೆ, ತಲೆಸುತ್ತು, ಅತಿಯಾದ ಸುಸ್ತು ಇದರ ಮೊದಲ ಲಕ್ಷಣಗಳು. ತೊಡಕು ಎಂದರೆ ದಿನವಿಡೀ ಸೈಕಲ್ ಓಡಿಸಿದವರಿಗೂ ಇವೇ ಇರುತ್ತವೆ. 'ಊಟ ಸರಿಯಾಗಲಿಲ್ಲ', 'ನಿದ್ದೆ ಬಂದಿಲ್ಲ' ಎಂದು ತಳ್ಳಿಹಾಕುವುದು ಸುಲಭ.

ಗಟ್ಟಿಮುಟ್ಟಾಗಿದ್ದವರಿಗೆ ಇದು ಬರುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಲಕ್ಷಣ ಇದ್ದಾಗ ಇನ್ನೂ ಮೇಲೆ ಹೋಗಬಾರದು, ಹೆಚ್ಚಾದರೆ ಕೆಳಗೆ ಇಳಿಯಬೇಕು. ನೆಟ್ಟಗೆ ನಡೆಯಲಾಗದೆ ತೂರಾಡುವುದು, ಮಾತು ತಡವರಿಸುವುದು, ಸುಮ್ಮನೆ ಕೂತಿದ್ದರೂ ಏದುಸಿರು ಬರುವುದು ಮಿದುಳು ಅಥವಾ ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವ ಸೂಚನೆ ಇರಬಹುದು. ಆಗ ಬೆಳಗಾಗಲಿ ಎಂದು ಕಾಯುವಂತಿಲ್ಲ. ತಕ್ಷಣ ಕೆಳಗಿಳಿಸಿ ವೈದ್ಯರ ಬಳಿ ಕರೆದೊಯ್ಯಬೇಕು.

ಆ ಹೊತ್ತಿಗೆ ಕಾಯಿಲೆ ಬಿದ್ದವರ ಬುದ್ಧಿ ಸರಿಯಾಗಿ ಓಡುತ್ತಿರುವುದಿಲ್ಲ. ತಿಂಗಳುಗಟ್ಟಲೆ ತಯಾರಿ ಮಾಡಿ, ರಜೆ ಹಾಕಿ, ಹಣ ಹಾಕಿ ಬಂದವರು 'ನನಗೇನಾಗಿಲ್ಲ' ಎಂದೇ ಹೇಳುತ್ತಾರೆ. ಹಾಗಾಗಿ ತೀರ್ಮಾನ ಅವರದ್ದಾಗಿರಬಾರದು. ದೆಹಲಿಯಲ್ಲೇ, ತಲೆ ತಣ್ಣಗಿರುವಾಗ ಒಪ್ಪಂದ ಆಗಿರಬೇಕು: ಗೆಳೆಯರಲ್ಲಿ ಒಬ್ಬರು ಬೇಡ ಎಂದರೂ ನಿಲ್ಲಿಸುವುದು, ಅದರ ಮೇಲೆ ವಾದವಿಲ್ಲ. ರೇಸ್ ವೈದ್ಯರ ಮಾತೇ ಅಂತಿಮ. ಪ್ರತಿದಿನ ಸಂಜೆ ಕ್ಯಾಂಪ್‌ನಲ್ಲಿ ಒಬ್ಬರನ್ನೊಬ್ಬರು ಐದು ನಿಮಿಷ ವಿಚಾರಿಸಿಕೊಳ್ಳಬೇಕು. ಊಟ ಸೇರಿತೇ? ತಲೆನೋವಿದೆಯೇ? ಮೂತ್ರ ಸರಿಯಾಗಿ ಹೋಗುತ್ತಿದೆಯೇ? ಗೆಳೆಯರ ಎದುರು ಈ ಪ್ರಶ್ನೆಗಳಿಗೆ ನಾಚಿಕೆ ಬೇಕಿಲ್ಲ.

ಊಟ-ನೀರಿನ ಲೆಕ್ಕ

ಲಕ್ಷಣಗಳ ಗೊಂದಲ ಹೊಟ್ಟೆ ಖಾಲಿಯಾದ್ದರಿಂದಲೂ ಹುಟ್ಟಬಹುದು. ಜೋರಾಗಿ ತುಳಿದರೆ ದೇಹದಲ್ಲಿ ಕೂಡಿಟ್ಟ ಸಕ್ಕರೆಯಂಶ ಸುಮಾರು ಎರಡು ಗಂಟೆಯಲ್ಲಿ ಬರಿದಾಗಬಹುದು. ಅದಕ್ಕೇ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ತಿನ್ನುತ್ತಲೇ ಇರಬೇಕು. ಒಂದು ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಕಡಲೆಕಾಯಿ ಚಿಕ್ಕಿ, ಖರ್ಜೂರ ಚೆನ್ನಾಗಿ ನಡೆಯುತ್ತವೆ. ಬರೀ ನೀರನ್ನೇ ವಿಪರೀತ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಇಳಿಯುವ ಅಪಾಯವಿದೆ. ಒಂದು ಬಾಟಲಿಯಲ್ಲಿ ನೀರು, ಇನ್ನೊಂದರಲ್ಲಿ ಓಆರ್‌ಎಸ್ ಇರಲಿ. ರೇಸ್ ದಿನ ಹೊಸ ತಿಂಡಿ ಪ್ರಯೋಗ ಬೇಡ.

ವಾಪಸ್ ಬರುವ ದಾರಿ

ರೇಸ್ ಮುಗಿದ ಸಂಜೆ ಪದಕ, ಫೋಟೊ, ಸಂಭ್ರಮ. ಸೋಮವಾರ ಬೆಳಗ್ಗೆ ಕಚೇರಿ. ಹಾಗಾಗಿ ಅದೇ ರಾತ್ರಿ ಕಾರು ಹತ್ತಿ ದೆಹಲಿಗೆ ಹೊರಡುವ ಆಸೆ ಸಹಜ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಅಂಕಿಅಂಶದಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. ಹಲವು ದಿನ ದಣಿದು, ನಿದ್ದೆಗೆಟ್ಟವರು ರಾತ್ರಿಯಿಡೀ ಬೆಟ್ಟದ ತಿರುವು, ಆಮೇಲೆ ಹೆದ್ದಾರಿಯಲ್ಲಿ ಕಾರು ಓಡಿಸುವುದು ಜಲೋರಿ ಇಳಿಜಾರಿಗಿಂತ ಕಡಿಮೆ ಅಪಾಯದ್ದೇನಲ್ಲ. ರಜೆ ಕೇಳುವಾಗಲೇ ಒಂದು ದಿನ ಹೆಚ್ಚು ಕೇಳಿ. ಅಲ್ಲೇ ಒಂದು ರಾತ್ರಿ ಮಲಗಿ ಹಗಲು ಹೊರಡಿ. ಇಲ್ಲವೇ ಬಸ್ ಹತ್ತಿ.

ಮೊದಲ ಸಲ ಹೋಗುವವರು ನೇರವಾಗಿ ವಾರದ ರೇಸ್‌ಗೆ ಹೆಸರು ಕೊಡುವ ಬದಲು ಒಂದೆರಡು ದಿನದ ಚಿಕ್ಕ ರೇಸ್‌ನಿಂದ ಶುರು ಮಾಡಬಹುದು. ಕಾಲಿನ ಶಕ್ತಿಯ ಜೊತೆ ಗುಂಪಿನ ಒಪ್ಪಂದ ಎಷ್ಟು ಗಟ್ಟಿ ಎಂಬುದೂ ಅಲ್ಲೇ ಗೊತ್ತಾಗುತ್ತದೆ. ನಾಲ್ವರಲ್ಲಿ ಒಬ್ಬರು ಅರ್ಧಕ್ಕೆ ನಿಲ್ಲಿಸಿದರೂ ಮುಂದಿನ ವರ್ಷ ರೇಸ್ ಇದ್ದೇ ಇರುತ್ತದೆ. ಆ ರೇಸ್‌ಗೆ ಮತ್ತೆ ನಾಲ್ವರೂ ಹೊರಡುವಂತೆ ಈ ವರ್ಷ ಮನೆಗೆ ಮರಳಬೇಕು, ಅಷ್ಟೇ.